ನಿರಾಕರಣೆಯ ಹಿಂದಿನ ಟಿಪ್ಪಣಿ

ಮೇವಿಸ್ ಬೇಕರ್ ಎಂಬ ಜಮೈಕಾದ ಹೆಂಗಸು 1981ರಲ್ಲಿ ಸಂದರ್ಶಕಿಯಾಗಿ ಕೆನಡಾಕ್ಕೆ ಬಂದು, ಹಿಂದಿರುಗದೆ, ಹನ್ನೊಂದು ವರ್ಷ ಮನೆಗೆಲಸ ಮಾಡಿಕೊಂಡು ಅಲ್ಲಿಯೇ ಉಳಿದರು. ಕಾಯಂ ವಾಸ್ತವ್ಯದ ಹಕ್ಕು, ಅಂದರೆ ಈಗ ಎಲ್ಲರ ಬಾಯಲ್ಲಿರುವ ಪಿಆರ್, ಅವರಿಗೆ ಸಿಕ್ಕಿರಲಿಲ್ಲ. ಅಲ್ಲಿ ನಾಲ್ಕು ಮಕ್ಕಳಾದವು. ಕೊನೆಯ ಹೆರಿಗೆಯ ನಂತರ ಮಾನಸಿಕ ಕಾಯಿಲೆ ಕಾಣಿಸಿಕೊಂಡು ಸರ್ಕಾರದ ನೆರವಿನ ಮೇಲೆ ಬದುಕಬೇಕಾಯಿತು. 1992ರ ಡಿಸೆಂಬರ್‌ನಲ್ಲಿ ಗಡೀಪಾರಿನ ಆದೇಶವಾಯಿತು. ಮರುವರ್ಷ ಅವರು, ಮಾನವೀಯ ನೆಲೆಯಲ್ಲಿ ತಮ್ಮ ಸ್ಥಿತಿಯನ್ನು ಪರಿಗಣಿಸಿ, ದೇಶ ಬಿಟ್ಟು ಹೋಗದೆ ಅಲ್ಲಿಂದಲೇ ಕಾಯಂ ವಾಸ್ತವ್ಯಕ್ಕೆ ಅರ್ಜಿ ಹಾಕಲು ಅವಕಾಶ ಕೊಡಬೇಕೆಂದು ಕೇಳಿಕೊಂಡರು. 1994ರ ಏಪ್ರಿಲ್‌ನಲ್ಲಿ ಬಂದ ಉತ್ತರದಲ್ಲಿ, ಅದಕ್ಕೆ ಸಾಕಾಗುವಷ್ಟು ಮಾನವೀಯ ಕಾರಣಗಳಿಲ್ಲ ಎಂದಷ್ಟೇ ಇತ್ತು. ಏಕೆ ಇಲ್ಲ ಎಂಬುದು ಇರಲಿಲ್ಲ.

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಇಂಥ ಉತ್ತರಕ್ಕೆ ಹಿಂಬರಹ ಎನ್ನುತ್ತಾರೆ. "ತಮ್ಮ ಮನವಿಯನ್ನು ಪರಿಶೀಲಿಸಲಾಗಿ, ನಿಯಮಾನುಸಾರ ಅವಕಾಶವಿರುವುದಿಲ್ಲವಾದ್ದರಿಂದ" ಎಂದು ಶುರುವಾಗುವ ಆ ವಾಕ್ಯವನ್ನು ಕಂದಾಯ ಇಲಾಖೆಯ ಮೆಟ್ಟಿಲು ಹತ್ತಿದ ಯಾರೂ ಮರೆತಿರಲಾರರು. ನೌಕರಿಯ ಬಹುಭಾಗವನ್ನು ಕಡತಗಳ ನಡುವೆ ಕಳೆದ ನನಗೆ ಹಿಂಬರಹದಲ್ಲಿ ಎಂದೂ ಆಸಕ್ತಿ ಹುಟ್ಟಿದ್ದಿಲ್ಲ. ಆಸಕ್ತಿಯಿದ್ದದ್ದು ಟಿಪ್ಪಣಿ ಹಾಳೆಯಲ್ಲಿ. ವಿಷಯ ನಿರ್ವಾಹಕನು ಮೊದಲು ಬರೆದದ್ದೇನು, ಮೇಲಧಿಕಾರಿ ಅದರ ಮೇಲೆ ಹಾಕಿದ ಷರಾ ಏನು ಎಂಬುದರಲ್ಲಿ ನಿರ್ಧಾರದ ನಿಜವಾದ ಹುಟ್ಟು ಇರುತ್ತದೆ. ನಿವೃತ್ತಿಯ ನಂತರ ಮಗಳ ಮನೆಗೆ ಕೆನಡಾದ ಮಿಸಿಸ್ಸಾಗಕ್ಕೆ ಹೋದಾಗ, ಅಲ್ಲಿನ ಕನ್ನಡದ ಹುಡುಗ ಹುಡುಗಿಯರು ಹಬ್ಬದೂಟದ ಮಧ್ಯೆಯೂ ಪಿಆರ್ ವಿಷಯವನ್ನೇ ಮಾತಾಡುವುದನ್ನು ಕೇಳಿ, ಕುತೂಹಲಕ್ಕೆಂದು ಅಲ್ಲಿನ ಕೋರ್ಟಿನ ತೀರ್ಪುಗಳನ್ನು ಓದತೊಡಗಿದೆ. ಬೇಕರ್ ಪ್ರಕರಣ ಸಿಕ್ಕಿದ್ದು ಹಾಗೆ.

ಬೇಕರ್ ಅವರ ವಕೀಲರು ಕಾರಣ ಕೇಳಿದಾಗ ವಲಸೆ ಇಲಾಖೆ ಕೆಳಹಂತದ ಅಧಿಕಾರಿ ತಯಾರಿಸಿದ್ದ ಟಿಪ್ಪಣಿಯನ್ನು ಕಳಿಸಿಕೊಟ್ಟಿತು. ಅದು ಈಗ ಸುಪ್ರೀಂ ಕೋರ್ಟಿನ ತೀರ್ಪಿನ ಭಾಗವಾಗಿರುವುದರಿಂದ ಯಾರು ಬೇಕಾದರೂ ಓದಬಹುದು. ಜಮೈಕಾದಲ್ಲಿ ನಾಲ್ಕು ಮಕ್ಕಳು, ಇಲ್ಲಿ ನಾಲ್ಕು ಮಕ್ಕಳು, ಒಟ್ಟು ಎಂಟು ಎಂಬ ಲೆಕ್ಕವನ್ನು ಆ ಅಧಿಕಾರಿ ದೊಡ್ಡಕ್ಷರಗಳಲ್ಲಿ ಟೈಪು ಮಾಡಿದ್ದರು. ಮನೆಗೆಲಸ ಬಿಟ್ಟರೆ ಈಕೆಗೆ ಬೇರೆ ಯೋಗ್ಯತೆಯಿಲ್ಲ, ಬದುಕಿರುವಷ್ಟು ಕಾಲ ಸರ್ಕಾರಕ್ಕೆ ಹೊರೆಯಾಗುತ್ತಾಳೆ, ಇಂಥ ಔದಾರ್ಯ ಕೆನಡಾಕ್ಕೆ ಇನ್ನು ಕಟ್ಟದು ಎಂಬರ್ಥದ ಮಾತುಗಳಿದ್ದವು. ಕೊನೆಯಲ್ಲಿ, ಪತ್ರಿಕೆಗಳಲ್ಲಿ ಕೆಟ್ಟ ಹೆಸರು ಬರುವ ಸಾಧ್ಯತೆಯಿದೆ ಎಂಬ ಎಚ್ಚರಿಕೆಯೂ ಇತ್ತು. ಆಕೆಯ ಕಾಯಿಲೆ ಗುಣಮುಖವಾಗುತ್ತಿದೆ, ಹಿಂದಿರುಗಿದರೆ ಮತ್ತೆ ಕೆಡಬಹುದು ಎಂದು ವೈದ್ಯರು ಕೊಟ್ಟಿದ್ದ ಪತ್ರ ಅದೇ ಕಡತದಲ್ಲಿತ್ತು; ಟಿಪ್ಪಣಿಯಲ್ಲಿ ಅದಕ್ಕೆ ಬೆಲೆಯೇ ಸಿಕ್ಕಿರಲಿಲ್ಲ.

ಕೆಳಗಿನ ಎರಡು ಹಂತಗಳಲ್ಲಿ ಸೋತ ಈ ಪ್ರಕರಣದಲ್ಲಿ 1999ರ ಜುಲೈ 9ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕ್ಲೇರ್ ಲೂರೂ ದುಬೆ. ವ್ಯಕ್ತಿಯ ಬದುಕಿನ ಮೇಲೆ ಇಷ್ಟು ಗಾಢವಾದ ಪರಿಣಾಮ ಬೀರುವ ನಿರ್ಧಾರಕ್ಕೆ ಲಿಖಿತ ಕಾರಣ ಕೊಡುವುದು ನ್ಯಾಯಸಮ್ಮತ ಕ್ರಮದ ಭಾಗ ಎಂದು ಅವರು ಹೇಳಿದರು. ಈ ಪ್ರಕರಣದಲ್ಲಿ ಟಿಪ್ಪಣಿಯನ್ನೇ ಆ ಕಾರಣವೆಂದು ಸ್ವೀಕರಿಸಿದರು. ಸ್ವೀಕರಿಸಿದ ಮೇಲೆ, ಅದನ್ನು ಓದಿದ ಯಾವುದೇ ತಿಳಿವಳಿಕೆಯ ಮನುಷ್ಯನಿಗೆ ಬರೆದವರ ಮನಸ್ಸಿನಲ್ಲಿ ಪೂರ್ವಗ್ರಹವಿತ್ತು ಎಂಬ ಅನುಮಾನ ಬರದೆ ಇರದು ಎಂದರು. ಮಕ್ಕಳ ಹಿತವನ್ನು ಅಧಿಕಾರಿ ಎಚ್ಚರದಿಂದಲೂ ಸಂವೇದನೆಯಿಂದಲೂ ತೂಗಿ ನೋಡಬೇಕಿತ್ತು ಎಂಬುದು ತೀರ್ಪಿನ ಇನ್ನೊಂದು ಭಾಗ. ಇಷ್ಟೆಲ್ಲ ಹೇಳಿದ ನಂತರ ಕೋರ್ಟು ಆಕೆಗೆ ಪಿಆರ್ ಕೊಡಲಿಲ್ಲ. ಬೇರೊಬ್ಬ ಅಧಿಕಾರಿ ಹೊಸದಾಗಿ ನಿರ್ಧರಿಸಲಿ ಎಂದು ಕಡತವನ್ನು ವಾಪಸ್ಸು ಕಳಿಸಿತು.

ಈ ಕೊನೆಯ ಮಾತು ನಮ್ಮ ಹುಡುಗರಿಗೆ ಅರ್ಥವಾಗುವುದು ಕಷ್ಟ. ಕೋರ್ಟಿಗೆ ಹೋಗುವುದೆಂದರೆ ತನ್ನ ಅರ್ಹತೆಯನ್ನು ನ್ಯಾಯಾಧೀಶರ ಮುಂದೆ ಸಾಬೀತು ಮಾಡುವುದು ಎಂದು ಅವರು ತಿಳಿದಿರುತ್ತಾರೆ. ಜುಡಿಷಿಯಲ್ ರಿವ್ಯೂ, ಅಂದರೆ ಅಧಿಕಾರಿಯ ನಿರ್ಧಾರವನ್ನು ಕೋರ್ಟು ಪರಿಶೀಲಿಸುವುದು, ಅದಲ್ಲ. ನಮ್ಮಲ್ಲಿ ಸಂವಿಧಾನದ 226ನೇ ವಿಧಿಯಡಿ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕಲಬುರಗಿಯಲ್ಲೋ ಹೈಕೋರ್ಟಿಗೆ ರಿಟ್ ಹಾಕಿದವರಿಗೆ ಇದು ಗೊತ್ತಿರುವ ಸಂಗತಿ. ತಹಶೀಲ್ದಾರರ ಆದೇಶ ರದ್ದಾಗಬಹುದು, "ಕಾನೂನಿನ ಪ್ರಕಾರ ಹೊಸದಾಗಿ ಪರಿಗಣಿಸಿ" ಎಂಬ ನಿರ್ದೇಶನ ಬರಬಹುದು, ಆದರೆ ತಹಶೀಲ್ದಾರರು ಮಾಡಬೇಕಾದ ಕೆಲಸವನ್ನು ಹೈಕೋರ್ಟ್ ಸಾಮಾನ್ಯವಾಗಿ ತಾನೇ ಮಾಡಿಕೊಡುವುದಿಲ್ಲ. ಎರಡೂ ದೇಶಗಳ ಈ ಕಾನೂನು ಇಂಗ್ಲೆಂಡಿನ ಒಂದೇ ಬೇರಿನಿಂದ ಬಂದದ್ದು. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ವಶಪಡಿಸಿಕೊಂಡ ಕೇಂದ್ರ ಸರ್ಕಾರ, ಸಾರ್ವಜನಿಕ ಹಿತದೃಷ್ಟಿಯಿಂದ ಕಾರಣ ಹೇಳಲಾಗದು ಎಂದಾಗ, ಮರುವರ್ಷ ನಮ್ಮ ಸುಪ್ರೀಂ ಕೋರ್ಟ್ ಎತ್ತಿದ ಪ್ರಶ್ನೆಯೂ ಇದೇ ಜಾತಿಯದು. ಪಂಜಾಬಿನ ಫಿರೋಜ್‌ಪುರ ಲೋಕಸಭಾ ಕ್ಷೇತ್ರದ ಮತದಾನ ರದ್ದಾದದ್ದಕ್ಕೆ ಸಂಬಂಧಿಸಿದ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಆದೇಶ ಹೊರಡಿಸಿದಾಗ ಬರೆದ ಕಾರಣದ ಮೇಲೆಯೇ ಅದು ನಿಲ್ಲಬೇಕು, ಮೊಕದ್ದಮೆ ಬಿದ್ದ ಮೇಲೆ ಅಫಿಡವಿಟ್ಟಿನಲ್ಲಿ ಹೊಸ ಕಾರಣ ಸೇರಿಸಿ ಅದನ್ನು ಬದುಕಿಸುವಂತಿಲ್ಲ ಎಂದರು. ವಲಸೆ ಇಲಾಖೆಯ ನಿರ್ಧಾರಗಳನ್ನು ಪರಿಶೀಲಿಸುವ ಕೆನಡಾದ ಫೆಡರಲ್ ಕೋರ್ಟಿನ ತೀರ್ಪುಗಳಲ್ಲಿಯೂ ಇದೇ ವಾದ ಮತ್ತೆ ಮತ್ತೆ ಬರುತ್ತದೆ: ಸರ್ಕಾರಿ ವಕೀಲರು ಎಷ್ಟೇ ಚೆನ್ನಾಗಿ ಸಮರ್ಥಿಸಲಿ, ಆ ಸಮರ್ಥನೆ ಅಧಿಕಾರಿಯ ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈಗ ಆ ಟಿಪ್ಪಣಿಗಳು ಕಂಪ್ಯೂಟರಿನಲ್ಲಿವೆ. ಇಲಾಖೆಯ ಕಂಪ್ಯೂಟರ್ ವ್ಯವಸ್ಥೆಯ ಹೆಸರಿನಿಂದ ಜಿಸಿಎಂಎಸ್ ನೋಟ್ಸ್ ಎಂದು ಅವನ್ನು ಕರೆಯುತ್ತಾರೆ. ಅರ್ಜಿದಾರನಿಗೆ ಬರುವ ನಿರಾಕರಣೆಯ ಪತ್ರ ಬಹುತೇಕ ಅಚ್ಚು ಹಾಕಿದ ನಮೂನೆ. ಒಳಗಿನ ನೋಟ್ಸ್‌ನಲ್ಲಿ ಮಾತ್ರ ಅಧಿಕಾರಿ ಏನನ್ನು ನೋಡಿದರು, ಏನನ್ನು ಬಿಟ್ಟರು ಎಂಬುದು ತಿಳಿಯುತ್ತದೆ. ಬೆಂಗಳೂರಿನಿಂದ ಹೋದವರ ಅರ್ಜಿಗಳಲ್ಲಿ ಸಾಮಾನ್ಯವಾಗಿ ತಕರಾರು ಹುಟ್ಟುವ ಜಾಗ ಒಂದಿದೆ. ನುರಿತ ಕೆಲಸಗಾರರನ್ನು ಅಂಕಗಳ ಮೇಲೆ ಆರಿಸಿ ಪಿಆರ್ ಅರ್ಜಿಗೆ ಆಹ್ವಾನಿಸುವ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿ ಹಾಕುವವನು ತನ್ನ ಉದ್ಯೋಗಕ್ಕೆ ಎನ್‌ಒಸಿ ಎಂಬ, ಕೆನಡಾ ಸರ್ಕಾರದ ಉದ್ಯೋಗಗಳ ವರ್ಗೀಕರಣದ ಪಟ್ಟಿಯಿಂದ ಒಂದು ಸಂಕೇತ ಸಂಖ್ಯೆಯನ್ನು ಆರಿಸಿಕೊಳ್ಳಬೇಕು. 21231 ಎಂದರೆ ಸಾಫ್ಟ್‌ವೇರ್ ಇಂಜಿನಿಯರ್, 21232 ಎಂದರೆ ಸಾಫ್ಟ್‌ವೇರ್ ಡೆವಲಪರ್. ಆ ಸಂಖ್ಯೆಯ ಕೆಳಗೆ ಬರೆದಿರುವ ಮುಖ್ಯ ಕೆಲಸಗಳನ್ನು ತಾನು ನಿಜವಾಗಿ ಮಾಡಿದ್ದೇನೆಂದು ತೋರಿಸುವ ಅನುಭವ ಪತ್ರ ಬೇಕು. ಕಂಪನಿಯ ಲೆಟರ್‌ಹೆಡ್ಡಿನ ಮೇಲೆ, ಹುದ್ದೆ, ಅವಧಿ, ವಾರಕ್ಕೆ ಎಷ್ಟು ಗಂಟೆ, ಸಂಬಳ, ಮಾಡಿದ ಕೆಲಸಗಳ ವಿವರ, ಎಲ್ಲವೂ ಇರಬೇಕು. ನಮ್ಮ ಎಚ್‌ಆರ್‌ಗಳು ಕೊಡುವ ಸರ್ವಿಸ್ ಲೆಟರಿನಲ್ಲಿ ಸೇರಿದ ದಿನ, ಬಿಟ್ಟ ದಿನ, "ಇವರ ಮುಂದಿನ ಜೀವನಕ್ಕೆ ಶುಭ ಹಾರೈಸುತ್ತೇವೆ" ಎಂಬಷ್ಟೇ ಇರುತ್ತದೆ. ಕೆಲಸದ ವಿವರ ಬರೆದುಕೊಡುವುದು ಕಂಪನಿಯ ಪಾಲಿಸಿಯಲ್ಲಿ ಇಲ್ಲ ಎನ್ನುತ್ತಾರೆ. ಆಗ ಅರ್ಜಿದಾರ ಹಳೆಯ ಮ್ಯಾನೇಜರನ್ನು ಹುಡುಕಿ, ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ ಪ್ರಮಾಣಪತ್ರವನ್ನು ತಂದು, ಸಂಬಳದ ಚೀಟಿ, ಫಾರಂ 16, ಬ್ಯಾಂಕಿನ ಸ್ಟೇಟ್‌ಮೆಂಟುಗಳ ಜೊತೆಗೆ ಅಪ್‌ಲೋಡ್ ಮಾಡುತ್ತಾನೆ.

ಇಂಥ ಅರ್ಜಿಯ ಮೇಲೆ ಅಧಿಕಾರಿ "ಸಲ್ಲಿಸಿದ ದಾಖಲೆಗಳಿಂದ ಅರ್ಜಿದಾರರು ಮುಖ್ಯ ಕೆಲಸಗಳನ್ನು ನಿರ್ವಹಿಸಿದ್ದಾರೆಂದು ನನಗೆ ಮನವರಿಕೆಯಾಗಿಲ್ಲ" ಎಂದಷ್ಟೇ ಬರೆದರು ಎಂದುಕೊಳ್ಳಿ. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ವಾಕ್ಯ ಇದು. ಮ್ಯಾನೇಜರರ ಪ್ರಮಾಣಪತ್ರವನ್ನು ಓದಿ ಸಾಲದು ಎಂದರೋ, ನಂಬಲಿಲ್ಲವೋ, ತೆರೆದೇ ನೋಡಲಿಲ್ಲವೋ ತಿಳಿಯುವುದಿಲ್ಲ. ಮೂರಕ್ಕೂ ಕಾನೂನಿನಲ್ಲಿ ಬೇರೆ ಬೇರೆ ಉತ್ತರವಿದೆ. ದಾಖಲೆ ಸಾಲದು ಎಂದಾದರೆ, ಕೊರತೆ ತುಂಬಿಸಿಕೊಡಿ ಎಂದು ಅರ್ಜಿದಾರನನ್ನು ಕೇಳಬೇಕಾದ ಹೊಣೆ ಅಧಿಕಾರಿಗಿಲ್ಲ. ಅರ್ಹತೆಯನ್ನು ತೋರಿಸುವ ಭಾರ ಅರ್ಜಿದಾರನದೇ. ಆದರೆ ದಾಖಲೆಯ ಸಾಚಾತನದ ಮೇಲೆ ಅನುಮಾನ ಬಂದರೆ ಅದನ್ನು ಎದುರಿಗೆ ಹೇಳಿ ಉತ್ತರಕ್ಕೆ ಅವಕಾಶ ಕೊಡಬೇಕು ಎಂಬುದನ್ನು ಫೆಡರಲ್ ಕೋರ್ಟ್ 2006ರ ಹಸ್ಸಾನಿ ತೀರ್ಪಿನಲ್ಲಿ ಸ್ಪಷ್ಟಪಡಿಸಿತು. ಇದಕ್ಕಾಗಿ ಇಲಾಖೆ ಕಳಿಸುವ ಪತ್ರವನ್ನು ಅಲ್ಲಿನವರು ಪಿಎಫ್‌ಎಲ್, ಅಂದರೆ ಪ್ರೊಸೀಜರಲ್ ಫೇರ್‌ನೆಸ್ ಲೆಟರ್, ಎನ್ನುತ್ತಾರೆ. ಸುಳ್ಳು ದಾಖಲೆಯ ಆರೋಪವಾಗಿದ್ದು ಅದು ಸಾಬೀತಾದರೆ ಐದು ವರ್ಷ ದೇಶದೊಳಗೆ ಕಾಲಿಡುವಂತಿಲ್ಲವಾದ್ದರಿಂದ, ಆ ಮೂರಕ್ಷರ ಕೇಳಿದರೆ ಹುಡುಗರ ಮುಖ ಬಾಡುತ್ತದೆ. ಇನ್ನು ಮುಖ್ಯವಾದ ದಾಖಲೆಯೊಂದನ್ನು ಅಧಿಕಾರಿ ಪ್ರಸ್ತಾಪಿಸದೆಯೇ ಅದಕ್ಕೆ ವಿರುದ್ಧವಾದ ತೀರ್ಮಾನಕ್ಕೆ ಬಂದಿದ್ದರೆ, ಅದನ್ನು ನೋಡಿಯೇ ಇಲ್ಲವೆಂದು ಕೋರ್ಟು ಭಾವಿಸಬಹುದು. ದಾಖಲೆ ಎಷ್ಟು ಮುಖ್ಯವೋ ಮೌನಕ್ಕೆ ಅಷ್ಟು ಹೆಚ್ಚಿನ ಅರ್ಥ. 1998ರ ಸೆಪೆಡಾ ಗುಟೆರೆಜ್ ಪ್ರಕರಣದಿಂದ ಬಂದ ಈ ಸೂತ್ರವನ್ನು ವಕೀಲರು ಇಂದಿಗೂ ದಿನನಿತ್ಯ ಎಂಬಂತೆ ಬಳಸುತ್ತಾರೆ.

ಬೇಕರ್ ತೀರ್ಪಿನ ಇಪ್ಪತ್ತು ವರ್ಷದ ನಂತರ, 2019ರ ಡಿಸೆಂಬರ್ 19ರಂದು, ಕೆನಡಾದ ಸುಪ್ರೀಂ ಕೋರ್ಟ್ ವಾವಿಲೋವ್ ಪ್ರಕರಣದಲ್ಲಿ ಈ ಇಡೀ ಕ್ಷೇತ್ರಕ್ಕೆ ಹೊಸ ಚೌಕಟ್ಟು ಹಾಕಿತು. ಟೊರಾಂಟೊದಲ್ಲಿ ಹುಟ್ಟಿದ ಹುಡುಗನ ತಂದೆತಾಯಿ ರಷ್ಯಾದ ಗೂಢಚಾರರೆಂದು 2010ರಲ್ಲಿ ಅಮೆರಿಕದಲ್ಲಿ ಸಿಕ್ಕಿಬಿದ್ದರು. ಅವರು ವಿದೇಶಿ ಸರ್ಕಾರದ ನೌಕರರಾಗಿದ್ದರು ಎಂಬ ನೆಲೆಯಲ್ಲಿ ಅವನ ಪೌರತ್ವದ ಪ್ರಮಾಣಪತ್ರವನ್ನು 2014ರಲ್ಲಿ ರದ್ದು ಮಾಡಲಾಯಿತು. ಪೌರತ್ವ ಬೇರೆ, ಪಿಆರ್ ಬೇರೆ. ಆದರೂ ಪಿಆರ್ ನಿರಾಕರಣೆಯ ಬಹುತೇಕ ತೀರ್ಪುಗಳಲ್ಲಿ ವಾವಿಲೋವ್ ಹೆಸರು ಬರುವುದಕ್ಕೆ ಕಾರಣವಿದೆ. ಕೋರ್ಟು ತಾನಾಗಿದ್ದರೆ ಏನು ನಿರ್ಧರಿಸುತ್ತಿದ್ದೆ ಎಂದು ಯೋಚಿಸಬಾರದು, ಅಧಿಕಾರಿ ಬರೆದ ಕಾರಣಗಳಿಂದಲೇ ಶುರು ಮಾಡಬೇಕು, ಆ ಕಾರಣಗಳು ಒಂದಕ್ಕೊಂದು ಹೊಂದಿ ಕಡತದಲ್ಲಿರುವ ಸಂಗತಿಗಳಿಗೂ ಕಾನೂನಿಗೂ ತಾಳೆಯಾಗುತ್ತವೆಯೇ ನೋಡಬೇಕು, ವ್ಯಕ್ತಿಗೆ ಆಗುವ ಪರಿಣಾಮ ಎಷ್ಟು ಕಠೋರವೋ ಕಾರಣಗಳೂ ಅಷ್ಟು ಗಟ್ಟಿಯಾಗಿರಬೇಕು ಎಂಬುದು ಅದರ ತಿರುಳು. ಸಮಂಜಸತೆ ಎಂಬ ಈ ಅಳತೆ ಅಧಿಕಾರಿಗೆ ಉದಾರವಾದದ್ದು. ಇಬ್ಬರು ಅಧಿಕಾರಿಗಳು ಒಂದೇ ಕಡತ ಓದಿ ಎರಡು ತೀರ್ಮಾನಕ್ಕೆ ಬಂದರೂ ಎರಡೂ ಸಮಂಜಸ ಎನ್ನಿಸಿಕೊಳ್ಳಬಹುದು. ಹೀಗಾಗಿ, ನನ್ನಂತೆಯೇ ಇದ್ದ ಗೆಳೆಯನಿಗೆ ಕೊಟ್ಟರು, ನನಗೇಕೆ ಕೊಡಲಿಲ್ಲ ಎಂಬ ವಾದ ಅಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ಸಮಂಜಸತೆ ಉದಾರವಾದರೂ ಹಲ್ಲಿಲ್ಲದ್ದಲ್ಲ ಎಂಬುದಕ್ಕೆ ವಾವಿಲೋವ್‌ಗಿಂತ ಮೊದಲಿನ 2015ರ ಕಾಂತಸಾಮಿ ಪ್ರಕರಣ ನನ್ನ ಮಟ್ಟಿಗೆ ಒಳ್ಳೆಯ ಉದಾಹರಣೆ. ಶ್ರೀಲಂಕಾದ ತಮಿಳು ಹುಡುಗ, ಹದಿಹರೆಯದಲ್ಲಿ ಕೆನಡಾ ಸೇರಿದವನು, ಮಾನವೀಯ ನೆಲೆಯ ಮೇಲೆ ಕಾಯಂ ವಾಸ್ತವ್ಯ ಕೇಳಿದ್ದ. ಅವನಿಗೆ ಆಘಾತದಿಂದ ಬಂದ ಮಾನಸಿಕ ಕಾಯಿಲೆಯಿದೆ ಎಂಬ ತಜ್ಞರ ವರದಿಯನ್ನು ಅಧಿಕಾರಿ ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ, ಚಿಕಿತ್ಸೆ ಪಡೆದಿದ್ದಕ್ಕೆ ಪುರಾವೆ ಎಲ್ಲಿ, ಶ್ರೀಲಂಕಾದಲ್ಲಿ ಚಿಕಿತ್ಸೆ ಸಿಗುವುದಿಲ್ಲ ಎಂಬುದಕ್ಕೆ ಪುರಾವೆ ಎಲ್ಲಿ ಎಂದು ಕೇಳಿ, ಅದೇ ಕಾರಣಕ್ಕೆ ವರದಿಯನ್ನು ಪಕ್ಕಕ್ಕಿಟ್ಟರು. ಒಂದೊಂದು ಕಷ್ಟವನ್ನೂ ಬಿಡಿಬಿಡಿಯಾಗಿ ತೆಗೆದುಕೊಂಡು ಇದು ಸಾಲದು, ಅದು ಸಾಲದು ಎಂದು ದಾಟಿಹೋದರೆ ಮನುಷ್ಯನ ಒಟ್ಟು ಸ್ಥಿತಿ ಎಲ್ಲಿಯೂ ಲೆಕ್ಕಕ್ಕೆ ಬರುವುದಿಲ್ಲ ಎಂದು ನ್ಯಾಯಮೂರ್ತಿ ರೊಸಲಿ ಅಬೆಲ್ಲಾ ಆ ನಿರ್ಧಾರವನ್ನು ತಳ್ಳಿಹಾಕಿದರು. ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಈ ಬಿಡಿಸಿ ನೋಡುವ ವಿದ್ಯೆ ಚೆನ್ನಾಗಿ ಗೊತ್ತು. ಇಲ್ಲ ಎನ್ನಬೇಕೆಂದು ಮೊದಲೇ ತೀರ್ಮಾನಿಸಿದ ಟಿಪ್ಪಣಿ ಹೆಚ್ಚಾಗಿ ಹೀಗೆಯೇ ಸಾಗುತ್ತದೆ.

ಕೋರ್ಟಿನ ಬಾಗಿಲು ಎಲ್ಲರಿಗೂ ತೆರೆದಿಲ್ಲ ಎಂಬುದು ನನಗೆ ತಡವಾಗಿ ತಿಳಿದ ವಿಷಯ. ವಲಸೆ ಕಾಯಿದೆಯ 72ನೇ ಕಲಮಿನ ಪ್ರಕಾರ ಮೊದಲು ಅನುಮತಿ, ಅವರ ಮಾತಿನಲ್ಲಿ ಲೀವ್, ಪಡೆಯಬೇಕು. ನಿರ್ಧಾರ ಕೆನಡಾದೊಳಗೆ ಆಗಿದ್ದರೆ ಅದು ತಿಳಿದ 15 ದಿನಗಳೊಳಗೆ, ಹೊರಗೆ ಆಗಿದ್ದರೆ 60 ದಿನಗಳೊಳಗೆ ಅರ್ಜಿ ಸಲ್ಲಿಸಬೇಕು. ಕೋರ್ಟಿನ ಶುಲ್ಕ 50 ಡಾಲರ್ ಮಾತ್ರ. ವಕೀಲರದು ಅದರ ಎಷ್ಟೋ ಪಟ್ಟು. ಸಂಗಾತಿಯನ್ನೋ ತಂದೆತಾಯಿಯನ್ನೋ ಕರೆಸಿಕೊಳ್ಳಲು ಹಾಕಿದ ಕುಟುಂಬ ವರ್ಗದ ಅರ್ಜಿ ತಿರಸ್ಕೃತವಾದರೆ ಸಾಮಾನ್ಯವಾಗಿ ಮೊದಲು ವಲಸೆ ಮೇಲ್ಮನವಿ ವಿಭಾಗಕ್ಕೆ ಹೋಗಬೇಕು. ಅಲ್ಲಿ ಹೊಸ ಸಾಕ್ಷ್ಯ ಕೊಡಬಹುದು, ಸಾಕ್ಷಿಗಳನ್ನು ಕರೆಸಬಹುದು. ಎಕ್ಸ್‌ಪ್ರೆಸ್ ಎಂಟ್ರಿಯವರಿಗೆ ಆ ಮೆಟ್ಟಿಲಿಲ್ಲ, ನೇರವಾಗಿ ಫೆಡರಲ್ ಕೋರ್ಟು. ಅಲ್ಲಿ, ಕೆಲವು ಅಪವಾದಗಳನ್ನು ಬಿಟ್ಟರೆ, ಅಧಿಕಾರಿಯ ಮುಂದೆ ಇದ್ದ ಕಾಗದಗಳ ಮೇಲೆಯೇ ವಾದ. ನಿರಾಕರಣೆಯ ನಂತರ ಎಚ್‌ಆರ್ ಕಣ್ಣು ತೆರೆದು ಪೂರ್ತಿ ವಿವರದ ಅನುಭವ ಪತ್ರ ಕೊಟ್ಟರೂ ನ್ಯಾಯಾಧೀಶರು ಅದನ್ನು ಓದುವುದಿಲ್ಲ. ಗೆಲುವು ಸೋಲಿನ ಬಹುಪಾಲು ಅರ್ಜಿಯನ್ನು ಸಲ್ಲಿಸಿದ ದಿನವೇ ನಿಶ್ಚಯವಾಗಿರುತ್ತದೆ ಎಂದು ನಾನು ಹುಡುಗರಿಗೆ ಹೇಳುವುದು ಇದಕ್ಕೇ.

ಲೀವ್ ಕೊಡಬೇಕೋ ಬೇಡವೋ ಎಂಬುದನ್ನು ಒಬ್ಬ ನ್ಯಾಯಾಧೀಶರು ಕಾಗದಪತ್ರಗಳನ್ನು ನೋಡಿಯೇ ನಿರ್ಧರಿಸುತ್ತಾರೆ. ವಕೀಲರ ವಾದ ಕೇಳುವುದಿಲ್ಲ. ಇಲ್ಲ ಎಂದಾದರೆ ಬರುವ ಆದೇಶ ಒಂದೆರಡು ಸಾಲಿನದು, ಅದರಲ್ಲಿ ಸಾಮಾನ್ಯವಾಗಿ ಕಾರಣವಿರುವುದಿಲ್ಲ, ಅದರ ಮೇಲೆ ಅಪೀಲೂ ಇಲ್ಲ. ಬೇಕರ್ ಪ್ರಕರಣದಿಂದ ವಾವಿಲೋವ್‌ವರೆಗೆ, ಬದುಕನ್ನು ಮುಟ್ಟುವ ನಿರ್ಧಾರಕ್ಕೆ ಕಾರಣ ಕೊಡಿ ಎಂದು ಅಧಿಕಾರಿಗಳಿಗೆ ಹೇಳುತ್ತ ಬಂದ ನ್ಯಾಯಾಂಗ ತನ್ನ ಹೊಸ್ತಿಲಲ್ಲಿ ಮಾತ್ರ ಕಾರಣ ಹೇಳದೆ ಜನರನ್ನು ವಾಪಸ್ಸು ಕಳಿಸುತ್ತದೆ. ಇದಕ್ಕೆ ಸಮರ್ಥನೆ ಇಲ್ಲವೆಂದಲ್ಲ. ವಲಸೆಗೆ ಸಂಬಂಧಿಸಿ ಆ ಕೋರ್ಟಿಗೆ ಬರುವ ಅರ್ಜಿಗಳ ಸಂಖ್ಯೆ ಕೋವಿಡ್ ನಂತರ ಏರುತ್ತಲೇ ಹೋಗಿ 2024ರಲ್ಲಿ 20,000 ದಾಟಿತು; ಲೀವ್ ಅರ್ಜಿಯನ್ನು ಪೂರ್ಣಗೊಳಿಸಲು ಇದ್ದ 30 ದಿನಗಳ ಗಡುವನ್ನು ಕೋರ್ಟು ತಾನೇ 2025ರ ಮೇ ತಿಂಗಳಲ್ಲಿ 75 ದಿನಗಳಿಗೆ ಹಿಗ್ಗಿಸಬೇಕಾಯಿತು. ಪ್ರತಿಯೊಂದಕ್ಕೂ ಕಾರಣ ಬರೆಯುತ್ತ ಕೂತರೆ ವಿಚಾರಣೆಗೆ ಸಮಯವೇ ಉಳಿಯದು. ಆದರೆ ಕೆಲಸದ ಹೊರೆ ಎಂಬುದು ವಲಸೆ ಅಧಿಕಾರಿಯೂ ಹೇಳಬಹುದಾದ ನೆಪವೇ ಅಲ್ಲವೇ? ಅವರು ಹೇಳಿದರೆ ಕೋರ್ಟು ಒಪ್ಪುವುದಿಲ್ಲ. ಎರಡು ಸಾಲಿನ ಕಾರಣವನ್ನಾದರೂ ಬರೆಯಬಹುದಿತ್ತು ಎಂಬುದು ನನ್ನ ಅಭಿಪ್ರಾಯ. ನನಗೆ ಪರಿಚಯವಿರುವ ಅಲ್ಲಿನ ವಕೀಲರೊಬ್ಬರು ಇದನ್ನು ಕೇಳಿ ನಕ್ಕುಬಿಟ್ಟರು.

ಲೀವ್ ಸಿಕ್ಕರೆ ವಿಚಾರಣೆ 30ರಿಂದ 90 ದಿನಗಳೊಳಗೆ ನಿಗದಿಯಾಗಬೇಕೆಂದು ಕಾಯಿದೆ ಹೇಳುತ್ತದೆ. ಅಲ್ಲಿ ಸೋತರೆ, ಸಾರ್ವತ್ರಿಕ ಮಹತ್ವದ ಗಂಭೀರ ಪ್ರಶ್ನೆಯಿದೆಯೆಂದು ಅದೇ ನ್ಯಾಯಾಧೀಶರು ಪ್ರಮಾಣೀಕರಿಸಿದರೆ ಮಾತ್ರ ಮೇಲಿನ ಕೋರ್ಟಿಗೆ ದಾರಿ.

ಇಷ್ಟು ಕಷ್ಟಪಡುವ ಬದಲು ಹೊಸ ಅರ್ಜಿಯನ್ನೇ ಹಾಕಬಾರದೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹಲವರಿಗೆ ಅದೇ ಸರಿಯಾದ ದಾರಿ, ದಾಖಲೆಯಲ್ಲಿ ನಿಜವಾದ ಕೊರತೆಯಿದ್ದವರಿಗಂತೂ ಖಂಡಿತ. ಆದರೆ ಅಂಕಗಳ ಲೆಕ್ಕ ಅಡ್ಡ ಬರುತ್ತದೆ. ಸಂಗಾತಿಯಿಲ್ಲದೆ ಅರ್ಜಿ ಹಾಕುವವನಿಗೆ ಇಪ್ಪತ್ತರಿಂದ ಇಪ್ಪತ್ತೊಂಬತ್ತರವರೆಗೆ ವಯಸ್ಸಿಗೆ 110 ಅಂಕ; ಮೂವತ್ತಕ್ಕೆ 105, ಮೂವತ್ತೈದಕ್ಕೆ 77, ನಲವತ್ತಕ್ಕೆ 50, ನಲವತ್ತೈದಕ್ಕೆ ಸೊನ್ನೆ. ಕೆಲಸದ ಆಫರಿಗೆ ಸಿಗುತ್ತಿದ್ದ ಅಂಕಗಳನ್ನು 2025ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಎರಡು ವರ್ಷದ ಹಿಂದೆ ಆಹ್ವಾನ ಪಡೆದವನಿಗೆ ಈಗಿನ ಕಟ್ಆಫ್ ಎಟುಕದಿರಬಹುದು. ಕೋರ್ಟಿನಲ್ಲಿ ಗೆದ್ದರೆ ಹಳೆಯ ಅರ್ಜಿಯೇ ಮತ್ತೆ ಜೀವ ಪಡೆಯುತ್ತದೆ, ಹೊಸ ಸರದಿಯಲ್ಲಿ ನಿಲ್ಲಬೇಕಾಗಿಲ್ಲ. ಆದರೆ ಮೊಕದ್ದಮೆ ನಡೆಯುತ್ತಿದೆ ಎಂಬ ಕಾರಣಕ್ಕೆ ಕೆಲಸದ ಪರವಾನಗಿಯ ಅವಧಿ ಮುಂದುವರಿಯುವುದಿಲ್ಲ. ಆ ಚಿಂತೆಯನ್ನು ಬೇರೆಯಾಗಿಯೇ ಹೊರಬೇಕು. ಮಗಳ ಮನೆಗೆ ಬರುವವರಲ್ಲಿ ಈ ಲೆಕ್ಕವನ್ನು ಬಾಯಿಪಾಠ ಮಾಡಿಕೊಂಡವರಿದ್ದಾರೆ. ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿದರೆ ಐದು ಅಂಕ ಹೋಯಿತು ಎನ್ನುತ್ತಾರೆ.

ಗೆದ್ದವರಿಗೆ ಸಿಗುವುದು ಬೇರೊಬ್ಬ ಅಧಿಕಾರಿಯ ಮುಂದೆ ಮರುಪರಿಶೀಲನೆ. ಆ ಅಧಿಕಾರಿಯೂ ಇಲ್ಲ ಎನ್ನಬಹುದು, ಈ ಬಾರಿ ಕಾರಣಗಳನ್ನು ಒಪ್ಪವಾಗಿ ಬರೆದು. ಫಲಿತಾಂಶ ಒಂದೇ ಆಗಲು ಸಾಧ್ಯ ಎಂದಿರುವ ಅಪರೂಪದ ಸಂದರ್ಭಗಳಲ್ಲಿ ಮಾತ್ರ ವಾಪಸ್ಸು ಕಳಿಸುವುದು ವ್ಯರ್ಥ ಎಂದು ಕೋರ್ಟು ತೀರ್ಮಾನಿಸುತ್ತದೆ. ವಾವಿಲೋವ್ ಪ್ರಕರಣದಲ್ಲಿಯೇ ಹಾಗೆ ಆಯಿತು. ಖರ್ಚು ವಾಪಸ್ಸು ಬರುವುದಿಲ್ಲ, ಏಕೆಂದರೆ ವಲಸೆ ಪ್ರಕರಣಗಳಲ್ಲಿ ವಿಶೇಷ ಕಾರಣವಿಲ್ಲದೆ ಯಾರಿಗೂ ಕೋರ್ಟು ಖರ್ಚು ಕೊಡಿಸುವುದಿಲ್ಲ ಎಂಬ ನಿಯಮವಿದೆ.

ವಿಚಾರಣೆಯ ಹಂತಕ್ಕೇ ಹೋಗದೆ ಮುಗಿಯುವ ಪ್ರಕರಣಗಳೂ ಉಂಟು. ಟಿಪ್ಪಣಿಯನ್ನು ಓದಿದ ಸರ್ಕಾರಿ ವಕೀಲರು ಇದನ್ನು ಸಮರ್ಥಿಸುವುದು ಕಷ್ಟವೆಂದು ಕಂಡುಕೊಂಡು, ಮೊಕದ್ದಮೆ ಹಿಂತೆಗೆದುಕೊಂಡರೆ ಅರ್ಜಿಯನ್ನು ಬೇರೆ ಅಧಿಕಾರಿಯಿಂದ ಮತ್ತೆ ನೋಡಿಸುತ್ತೇವೆ ಎಂದು ರಾಜಿಗೆ ಬರುತ್ತಾರೆ. ಅರ್ಜಿದಾರನ ಕಡೆಯಿಂದ ನೋಡಿದರೆ ಇದಕ್ಕಿಂತ ಬೇಗ ಸಿಗುವ ಪರಿಹಾರವಿಲ್ಲ, ಒಪ್ಪಿಕೊಳ್ಳಬೇಡಿ ಎಂದು ಯಾವ ವಕೀಲರೂ ಹೇಳಲಾರರು. ಆದರೆ ರಾಜಿಯಾದ ಪ್ರಕರಣದಲ್ಲಿ ತೀರ್ಪು ಇರುವುದಿಲ್ಲ. ಮೊದಲ ಅಧಿಕಾರಿ ಯಾವ ದಾಖಲೆಯನ್ನು ಬಿಟ್ಟರು, ಯಾವ ವಾಕ್ಯ ನಿಲ್ಲುವಂಥದ್ದಾಗಿರಲಿಲ್ಲ ಎಂಬುದನ್ನು ಯಾರೂ ಬರೆದಿಡುವುದಿಲ್ಲ. ಅದೇ ಎನ್‌ಒಸಿ ಸಂಖ್ಯೆಯ, ಅಂಥದೇ ಅನುಭವ ಪತ್ರದ ಮುಂದಿನ ಅರ್ಜಿಯ ಮೇಲೆ ಅದೇ ವಾಕ್ಯವನ್ನು ಇನ್ನೊಬ್ಬರು ಮತ್ತೆ ಬರೆಯಬಹುದು, ಮತ್ತೆ ರಾಜಿಯಾಗಬಹುದು, ಮತ್ತು ಇಬ್ಬರೂ ಅರ್ಜಿದಾರರು ತಮ್ಮ ತಮ್ಮ ವಕೀಲರ ಬಿಲ್ಲನ್ನು ತಾವೇ ಕಟ್ಟುತ್ತಾರೆ.